ವೇಷದ ಮೇಲೊಂದು ವೇಷ: ಹ್ಯಾಲೊವೀನ್ ಬಣ್ಣದ ಸ್ಟಾರ್ ವಾರ್ಸ್ ಗೊಂಬೆಯ ಹಿಂದಿನ ಚರಿತ್ರೆ

ನಾನು ಕಾಸರಗೋಡಿನ ಕಡೆಯವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ಇಂಥ ವೇದಿಕೆಗೆ ಸಾಮಾನ್ಯವಾಗಿ ಶಾಸನವೋ, ಹಸ್ತಪ್ರತಿಯೋ, ಹಳೆ ಶಾಲೆಯ ದಾಖಲೆಯೋ ತರುವುದು ವಾಡಿಕೆ. ನಾನು ತಂದಿರುವುದು ಆರು ಇಂಚಿನ ಪ್ಲಾಸ್ಟಿಕ್ ಗೊಂಬೆ. ಇದರಲ್ಲಿ ಚರಿತ್ರೆ ಏನುಂಟು ಅಂತ ಕೇಳಬಹುದು. ಸಾಕಷ್ಟು ಉಂಟು. ಸೀದಾ ವಿಷಯಕ್ಕೆ ಬರುತ್ತೇನೆ.

ಈ ಗೊಂಬೆ ಅಮೆರಿಕದ ಹ್ಯಾಸ್ಬ್ರೊ ಕಂಪನಿಯದು. ಸ್ಟಾರ್ ವಾರ್ಸ್ ಎಂಬ ವೈಜ್ಞಾನಿಕ ಕಲ್ಪನೆಯ ಸಿನಿಮಾ ಸರಣಿಯ ಪಾತ್ರಗಳನ್ನು ಆ ಕಂಪನಿ ‘ಬ್ಲ್ಯಾಕ್ ಸೀರೀಸ್’ ಎಂಬ ಹೆಸರಿನಲ್ಲಿ 2013ರಿಂದ ಮಾರುತ್ತಿದೆ. 2020ರಲ್ಲಿ ಅದೇ ಸಾಲಿನಲ್ಲಿ ಕ್ರಿಸ್ಮಸ್ ಕಾಲಕ್ಕೆಂದು ‘ಹಾಲಿಡೇ ಎಡಿಷನ್’ ಬಂತು. ಮುಂದೆ ‘ಹ್ಯಾಲೊವೀನ್ ಎಡಿಷನ್’ ಕೂಡ ಬಂತು. ಸಿನಿಮಾದಲ್ಲಿ ಬಿಳಿ ಕವಚ ತೊಟ್ಟು, ಮುಖ ಪೂರ್ತಿ ಮುಚ್ಚಿಕೊಂಡು ಓಡಾಡುವ ಸೈನಿಕರ ಮೈಗೆ ಇಲ್ಲಿ ಹಬ್ಬದ ಬಣ್ಣ ಬಳಿದಿರುತ್ತಾರೆ. ಕಥೆ ನಡೆಯುವುದು ದೂರದ ಯಾವುದೋ ನಕ್ಷತ್ರಪುಂಜದಲ್ಲಿ. ಅಲ್ಲಿಯವರಿಗೆ ಹ್ಯಾಲೊವೀನ್ ಅಂತ ಒಂದು ಹಬ್ಬ ಇರುವುದೇ ಗೊತ್ತಿಲ್ಲ. ಹಾಗಾದರೆ ಈ ಬಣ್ಣ ಯಾಕೆ ಬಂತು? ಯಾರಿಗಾಗಿ ಬಂತು? ನನ್ನ ಇಡೀ ಮಾತು ಈ ಎರಡು ಪ್ರಶ್ನೆಗಳ ಸುತ್ತ.

ನಾನು ಹೇಳಹೊರಟಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಗೊಂಬೆಯಲ್ಲಿ ಎರಡು ಕಸುಬುಗಳು ಕೂಡಿವೆ. ಒಂದು, ಮಗುವಿಗೆ ವೇಷ ಹೊಲಿದು ಕೊಡುವ ಕಸುಬು. ಇನ್ನೊಂದು, ಮಗುವಿನ ಕೈಗೆ ಗೊಂಬೆ ಮಾಡಿ ಕೊಡುವ ಕಸುಬು. ಎರಡೂ ಮಕ್ಕಳಿಗಾಗಿ ಹುಟ್ಟಿದವು. ಎರಡೂ ಕೂಡಿದ ಜಾಗದಲ್ಲಿ ಮಾತ್ರ ಮಗು ಇಲ್ಲ. ಅದು ಹೇಗೆ ಆಯಿತು ಅಂತ ನೋಡೋಣ.

ಹಬ್ಬ

ಹ್ಯಾಲೊವೀನ್ ಬರುವುದು ಅಕ್ಟೋಬರ್ 31ರ ರಾತ್ರಿ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ‘ಸೌಇನ್’ ಎಂಬ ಋತುಹಬ್ಬ ಅದರ ಒಂದು ಬೇರು. ಬೇಸಗೆ ಮುಗಿದು ಚಳಿಗಾಲದ ಕತ್ತಲು ಶುರುವಾಗುವ ಹೊತ್ತು ಅದು. ಆ ರಾತ್ರಿ ಸತ್ತವರು ಓಡಾಡುತ್ತಾರೆ ಎಂಬ ನಂಬಿಕೆ ಇತ್ತು. ಮುಂದೆ ಕ್ರೈಸ್ತ ಚರ್ಚು ನವೆಂಬರ್ 1ನ್ನು ಸಕಲ ಸಂತರ ದಿನ ಅಂತ ಆಚರಿಸಿತು. ಅದರ ಹಿಂದಿನ ಸಂಜೆ ಎಂಬ ಅರ್ಥದ ಮಾತೇ ಸವೆದು ಹ್ಯಾಲೊವೀನ್ ಆಯಿತು. ನವೆಂಬರ್ 1 ಎಂದರೆ ಇಲ್ಲಿ ಕೂತವರಿಗೆಲ್ಲ ಬೇರೆಯೇ ನೆನಪು ಬರುತ್ತದೆ, ಅದು ನನಗೂ ಗೊತ್ತುಂಟು. ಆ ಮಾತು ಮುಂದೆ ಸ್ವಲ್ಪ ಬೇಕಾಗುತ್ತದೆ.

19ನೇ ಶತಮಾನದ ನಡುವಿನ ಆಲೂಗಡ್ಡೆ ಕ್ಷಾಮದಲ್ಲಿ ಐರ್ಲೆಂಡಿನಿಂದ ಲಕ್ಷಾಂತರ ಜನ ಅಮೆರಿಕಕ್ಕೆ ಹೋದರು. ಹಬ್ಬವೂ ಅವರ ಜೊತೆ ಹೋಯಿತು. ಊರಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. ಹೊಸ ನೆಲದಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು, ಅದನ್ನೇ ಕೊರೆದರು. ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋಗಿ ಮಿಠಾಯಿ ಕೇಳುವ ಪದ್ಧತಿ ಅಲ್ಲಿ 1930ರ ದಶಕದಲ್ಲಿ ಹಬ್ಬಿತು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದಾಗ ಸ್ವಲ್ಪ ನಿಂತಿತು, ಯುದ್ಧ ಮುಗಿದ ಮೇಲೆ ಮತ್ತೆ ಜೋರಾಯಿತು.

ನಮ್ಮ ಕಡೆ ಆಟಿ ತಿಂಗಳಲ್ಲಿ ಮನೆ ಮನೆಗೆ ಬರುವ ಆಟಿಕಳಂಜ ಕೆಲವರಿಗೆ ನೆನಪಾಗಬಹುದು. ಹೋಲಿಸುವುದು ಸುಲಭ, ಆದರೆ ನಾನು ಹೋಲಿಸುವುದಿಲ್ಲ. ಕಳಂಜನ ವೇಷ ಯಾರು ಕಟ್ಟಬೇಕು ಎಂಬುದು ಮೊದಲೇ ಗೊತ್ತಿರುವ ವಿಷಯ. ಆ ವೇಷ ಬರುವುದು ಊರಿನ ಮಾರಿ ಕಳೆಯಲಿಕ್ಕೆ. ಅಮೆರಿಕದ ಹ್ಯಾಲೊವೀನಿನಲ್ಲಿ ಯಾವ ಮಗು ಬೇಕಾದರೂ ಯಾವ ವೇಷ ಬೇಕಾದರೂ ಹಾಕಬಹುದು. ಯಾವ ವೇಷ ಬೇಕಾದರೂ ಆಗುತ್ತದೆ ಎಂಬಲ್ಲಿಯೇ ಅಂಗಡಿಗೆ ಜಾಗ ಸಿಕ್ಕಿತು. 1937ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆನ್ ಕೂಪರ್ ಎಂಬ ಕಂಪನಿ ಶುರುವಾಯಿತು. ತೆಳು ಪ್ಲಾಸ್ಟಿಕ್ಕಿನ ಮುಖವಾಡ, ಅದರ ಜೊತೆ ಮೇಲಂಗಿಯಂಥ ಒಂದು ಬಟ್ಟೆ, ಎರಡೂ ಸೇರಿ ಒಂದು ಪೆಟ್ಟಿಗೆಯಲ್ಲಿ. ಸಿನಿಮಾ, ಟಿವಿ, ಕಾಮಿಕ್ಸ್ ಪಾತ್ರಗಳ ಹಕ್ಕು ಪಡೆದು ಅದು ವೇಷ ಮಾರಿತು. ವಿಚಿತ್ರ ಏನೆಂದರೆ, ಎಷ್ಟೋ ವೇಷಗಳಲ್ಲಿ ಅಂಗಿಯ ಎದೆ ಮೇಲೆ ಆ ಪಾತ್ರದ ಹೆಸರನ್ನೋ ಚಿತ್ರವನ್ನೋ ದೊಡ್ಡದಾಗಿ ಅಚ್ಚು ಹಾಕಿರುತ್ತಿತ್ತು. ವೇಷ ಹಾಕಿದವನೇ ತಾನು ಯಾರು ಅಂತ ಎದೆ ಮೇಲೆ ಬರೆದುಕೊಂಡು ತಿರುಗಿದ ಹಾಗೆ.

ಗೊಂಬೆ ಎನ್ನಬಾರದ ಗೊಂಬೆ

ಈಗ ಎರಡನೇ ಕಸುಬಿಗೆ ಬರೋಣ. 1964ರಲ್ಲಿ ಹ್ಯಾಸ್ಬ್ರೊ ಜಿ.ಐ. ಜೋ ಎಂಬ ಸೈನಿಕನ ಗೊಂಬೆ ತಂದಿತು. ಎತ್ತರ ಸುಮಾರು 12 ಇಂಚು, ಬಟ್ಟೆ ತೊಡಿಸಿ ತೆಗೆಯಬಹುದು. ಬಾರ್ಬಿಯೂ ಹಾಗೆಯೇ. ಆದರೆ ಗಂಡುಹುಡುಗರು ಗೊಂಬೆ ಆಡುವುದಿಲ್ಲ, ಅವರ ಅಪ್ಪಂದಿರು ಕೊಡಿಸುವುದೂ ಇಲ್ಲ ಎಂಬ ಹೆದರಿಕೆ ಕಂಪನಿಗೆ ಇತ್ತು. ಹಾಗಾಗಿ ಇಂಗ್ಲಿಷಿನಲ್ಲಿ ಗೊಂಬೆಗೆ ಇದ್ದ ‘ಡಾಲ್’ ಎಂಬ ಮಾತನ್ನೇ ಬಿಟ್ಟು ‘ಆ್ಯಕ್ಷನ್ ಫಿಗರ್’ ಎಂಬ ಹೊಸ ಹೆಸರು ಇಟ್ಟರು. ವಸ್ತು ಅದೇ, ಹೆಸರು ಮಾತ್ರ ಬೇರೆ. ಆ ಹೆಸರಿನಿಂದ ಒಂದು ಉದ್ಯಮವೇ ಎದ್ದು ನಿಂತಿತು.

ಮುಂದಿನ ಹೆಜ್ಜೆ ಸ್ಟಾರ್ ವಾರ್ಸ್. ಸಿನಿಮಾ ತೆರೆಗೆ ಬಂದದ್ದು 1977ರ ಮೇ 25ಕ್ಕೆ. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಗೊಂಬೆ, ಅಂಗಿ, ಪುಸ್ತಕ ಮುಂತಾದ ಸರಕುಗಳ ಹಕ್ಕನ್ನು ತನ್ನ ಕಡೆಗೇ ಉಳಿಸಿಕೊಂಡಿದ್ದ. ಸ್ಟಾರ್ ಟ್ರೆಕ್ ಗೊಂಬೆ ಮಾಡಿ ಹೆಸರಾಗಿದ್ದ ಮೆಗೊ ಕಂಪನಿ ಈ ಹಕ್ಕು ಬೇಡ ಅಂದಿತು. ಸಿನ್ಸಿನಾಟಿಯ ಕೆನರ್ ಕಂಪನಿ ತೆಗೆದುಕೊಂಡಿತು. ಕೆನರ್ ಗೊಂಬೆಯ ಎತ್ತರವನ್ನು ಮೂರೂಮುಕ್ಕಾಲು ಇಂಚಿಗೆ ಇಳಿಸಿತು. ಸಿನಿಮಾದ ಆಕಾಶನೌಕೆಗಳೊಳಗೆ ಗೊಂಬೆ ಕೂರಬೇಕಾದರೆ ಅದು ಚಿಕ್ಕದಾಗಲೇಬೇಕಿತ್ತು. 12 ಇಂಚಿನ ಗೊಂಬೆಗೆ ನೌಕೆ ಮಾಡಿದರೆ ಮನೆಯಲ್ಲಿ ಜಾಗ ಬೇಡವಾ?

ಸಿನಿಮಾ ಇಷ್ಟು ಓಡುತ್ತದೆ ಅಂತ ಯಾರೂ ಎಣಿಸಿರಲಿಲ್ಲ. 1977ರ ಕ್ರಿಸ್ಮಸ್ ಹತ್ತಿರ ಬಂತು, ಗೊಂಬೆ ತಯಾರಿಲ್ಲ. ಉಕ್ಕಿನ ಅಚ್ಚು ಕೊರೆಯುವುದು ತಿಂಗಳುಗಟ್ಟಲೆಯ ಕೆಲಸ. ಆಗ ಕೆನರ್ ಖಾಲಿ ರಟ್ಟಿನ ಪೊಟ್ಟಣ ಮಾರಿತು. ಒಳಗೆ ಗೊಂಬೆ ಇಲ್ಲ. ಒಂದು ಪ್ರಮಾಣಪತ್ರ, ಕೆಲವು ಸ್ಟಿಕ್ಕರು, ಮುಂದೆ ಬರಲಿರುವ ಗೊಂಬೆಗಳನ್ನು ನಿಲ್ಲಿಸಲಿಕ್ಕೆ ರಟ್ಟಿನ ವೇದಿಕೆ, ಇಷ್ಟೇ. ಪ್ರಮಾಣಪತ್ರ ಅಂಚೆಗೆ ಹಾಕಿದರೆ 1978ರಲ್ಲಿ ನಾಲ್ಕು ಗೊಂಬೆ ಮನೆಗೆ ಬರುತ್ತಿತ್ತು: ಲ್ಯೂಕ್, ಲೇಯಾ, ಚ್ಯೂಬಾಕಾ ಮತ್ತು ಆರ್ಟೂ-ಡೀಟೂ. ಇದನ್ನು ಆಟಿಕೆಯ ಚರಿತ್ರೆ ಬರೆಯುವವರು ತಮಾಷೆಯ ಸಂಗತಿ ಅಂತ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಕಾಣುತ್ತದೆ. ಈ ಗೊಂಬೆಗಳು ಹುಟ್ಟುವ ಮೊದಲೇ ಹಬ್ಬದ ಪಂಚಾಂಗಕ್ಕೆ ಕಟ್ಟುಬಿದ್ದಿದ್ದವು. ಒಳಗೆ ಏನೂ ಇಲ್ಲದ ಪೊಟ್ಟಣಕ್ಕೂ ಬೆಲೆ ಬರುತ್ತದೆ ಎಂಬುದು ಅಲ್ಲೇ ಗೊತ್ತಾಯಿತು.

ವೇಷ ತಯಾರಿಸಲಿಕ್ಕೆ ಇಷ್ಟು ಕಾಲ ಬೇಡ. ಬೆನ್ ಕೂಪರ್ ಕಂಪನಿಯ ಸ್ಟಾರ್ ವಾರ್ಸ್ ವೇಷಗಳು 1977ರಲ್ಲಿಯೇ ಬಂದವು. ಡಾನ್ ಪೋಸ್ಟ್ ಸ್ಟುಡಿಯೋಸ್ ಎಂಬ ಮುಖವಾಡದ ಕಂಪನಿಯೂ ಡಾರ್ತ್ ವೇಡರ್ ಮುಖವಾಡ ತಂದಿತು. ಅಂದರೆ ಮಕ್ಕಳು ಡಾರ್ತ್ ವೇಡರನನ್ನು ಕೈಯಲ್ಲಿ ಹಿಡಿಯುವ ಮೊದಲೇ ತಾವೇ ಡಾರ್ತ್ ವೇಡರ್ ಆಗಿದ್ದರು. ಈ ಕಥೆಯಲ್ಲಿ ವೇಷ ಅಣ್ಣ, ಗೊಂಬೆ ತಮ್ಮ.

ಬಣ್ಣ ಬದಲಾದರೆ

ಡಾನ್ ಪೋಸ್ಟ್ ಎಂದೆ. ಈ ಕಂಪನಿ 1975ರಲ್ಲಿ ಸ್ಟಾರ್ ಟ್ರೆಕ್‌ನ ಕ್ಯಾಪ್ಟನ್ ಕರ್ಕ್ ಪಾತ್ರದ ಮುಖವಾಡ ತಂದಿತ್ತು. ನಟ ವಿಲಿಯಂ ಶ್ಯಾಟ್ನರ್ ಮುಖದ ಪಡಿಯಚ್ಚು. 1978ರಲ್ಲಿ ಜಾನ್ ಕಾರ್ಪೆಂಟರ್ ‘ಹ್ಯಾಲೊವೀನ್’ ಎಂಬ ಭಯಾನಕ ಸಿನಿಮಾ ತೆಗೆದಾಗ ದುಡ್ಡು ಬಹಳ ಕಡಿಮೆ ಇತ್ತು. ಕೊಲೆಗಾರನಿಗೊಂದು ಮುಖವಾಡ ಬೇಕು. ಕಲಾವಿಭಾಗದ ಟಾಮಿ ಲೀ ವಾಲೆಸ್ ಅಂಗಡಿಯಿಂದ ಎರಡು ಡಾಲರಿಗೂ ಕಡಿಮೆ ಬೆಲೆಗೆ ಆ ಕರ್ಕ್ ಮುಖವಾಡ ತಂದ. ಹುಬ್ಬು, ಕೆನ್ನೆಗೂದಲು ಕಿತ್ತ, ಕಣ್ಣಿನ ತೂತು ಅಗಲ ಮಾಡಿದ, ಇಡೀ ಮುಖಕ್ಕೆ ಬಿಳಿ ಬಣ್ಣ ಹೊಡೆದ. ಧೀರ ನಾಯಕನ ಮುಖವೇ ಸಿನಿಮಾ ಕಂಡ ಅತ್ಯಂತ ಭಯದ ಮುಖಗಳಲ್ಲಿ ಒಂದಾಯಿತು. ವೈಜ್ಞಾನಿಕ ಕಲ್ಪನೆಯ ಸರಣಿಯೊಂದರ ಪಾತ್ರಕ್ಕೆ ಹ್ಯಾಲೊವೀನ್ ಬಣ್ಣ ಬಳಿದ ಪ್ರಸಿದ್ಧ ಉದಾಹರಣೆ ಇದು. ನನ್ನ ಆರಿಂಚಿನ ಸೈನಿಕನ ಅಜ್ಜ ಅಂತ ಬೇಕಾದರೆ ಹೇಳಬಹುದು.

ಅಚ್ಚು ಒಂದೇ, ಬಣ್ಣ ಬೇರೆ, ಪಾತ್ರ ಬೇರೆ. ಆಟಿಕೆ ಉದ್ಯಮಕ್ಕೆ ಇದರಷ್ಟು ಲಾಭದ ಸೂತ್ರ ಇನ್ನೊಂದಿಲ್ಲ. ಪ್ಲಾಸ್ಟಿಕ್ ಗೊಂಬೆಯಲ್ಲಿ ಅತಿ ಹೆಚ್ಚು ಖರ್ಚು ಬೀಳುವುದು ಉಕ್ಕಿನ ಅಚ್ಚಿಗೆ. ಒಮ್ಮೆ ಅಚ್ಚು ಕೊರೆದರೆ ಮತ್ತೆ ಮತ್ತೆ ಪ್ಲಾಸ್ಟಿಕ್ ಹೊಯ್ಯಬಹುದು. ಬಣ್ಣ ಬದಲಿಸಿದರೆ ಹೊಸ ಗೊಂಬೆ ತಯಾರು. ಹಬ್ಬದ ಆವೃತ್ತಿಗಳ ಗುಟ್ಟು ಇಷ್ಟೇ. ಮುಖ ಕಾಣದ ಸೈನಿಕ ಇದಕ್ಕೆ ಹೇಳಿ ಮಾಡಿಸಿದ ಪಾತ್ರ, ಏಕೆಂದರೆ ಅವನು ಯಾರೂ ಅಲ್ಲ. ಯಾವ ಬಣ್ಣ ಬಳಿದರೂ ಇವನು ಅವನಲ್ಲ ಅಂತ ಯಾರೂ ತಕರಾರು ಮಾಡುವ ಹಾಗಿಲ್ಲ.

ಈ ಸೂತ್ರಕ್ಕೆ ನಮ್ಮ ಕಡೆಯ ಒಂದು ಕೊಂಡಿ ಉಂಟು. ಗೋವಾದಿಂದ ಸೇರಿಕೊಂಡಿರುವವರಿಗೆ ಇದು ಇಷ್ಟವಾಗಬಹುದು. 1987ರಲ್ಲಿ ಶುರುವಾದ ಫನ್‌ಸ್ಕೂಲ್ ಕಂಪನಿ ಎಂ.ಆರ್.ಎಫ್. ಮತ್ತು ಹ್ಯಾಸ್ಬ್ರೊ ಜಂಟಿಯಾಗಿ ಕಟ್ಟಿದ್ದು. ಅದರ ಕಾರ್ಖಾನೆ ಗೋವಾದಲ್ಲಿತ್ತು. ಹ್ಯಾಸ್ಬ್ರೊದ ಅಚ್ಚುಗಳನ್ನೇ ಬಳಸಿ ಫನ್‌ಸ್ಕೂಲ್ ಭಾರತದಲ್ಲಿ ಜಿ.ಐ. ಜೋ ಗೊಂಬೆಗಳನ್ನು ಮಾಡಿತು. ಬಣ್ಣ ಮಾತ್ರ ಅಮೆರಿಕದ ಹಾಗೆ ಇರಲಿಲ್ಲ. ಅಲ್ಲಿ ಕಂದೋ ಹಸಿರೋ ಇದ್ದ ಸೈನಿಕ ಇಲ್ಲಿ ಬೇರೆಯೇ ಬಣ್ಣದಲ್ಲಿ ಹೊರಬಂದ. 1990ರ ದಶಕದ ಭಾರತದ ಮಕ್ಕಳು ಅವನ್ನು ಮಣ್ಣಿನಲ್ಲಿ, ಬಕೆಟ್ ನೀರಿನಲ್ಲಿ, ತೋಟದಲ್ಲಿ ಆಡಿ ಮುರಿದರು. ಇವತ್ತು ವಿದೇಶದ ಸಂಗ್ರಾಹಕರು ಅದೇ ಬಣ್ಣಗಳಿಗಾಗಿ ಭಾರತದ ಜಿ.ಐ. ಜೋಗಳನ್ನು ಹುಡುಕುತ್ತಾರೆ. ಬಣ್ಣದ ವ್ಯತ್ಯಾಸ ಅಲ್ಲಿ ಬೇಕಂತ ಮಾಡಿದ ಅಪರೂಪವಲ್ಲ, ಮಕ್ಕಳ ಮಟ್ಟಿಗೆ ಅದು ಬರೀ ಬಣ್ಣ. ಹ್ಯಾಲೊವೀನ್ ಸೈನಿಕನದು ಹಾಗಲ್ಲ. ಅವನು ಅಪರೂಪ ಆಗಲೆಂದೇ ಹುಟ್ಟಿದವನು.

ಹಾರದ ಕ್ಷಿಪಣಿ

ಈಗ ಸ್ವಲ್ಪ ಕಷ್ಟದ ಭಾಗ. 1978ರಲ್ಲಿ ಮ್ಯಾಟೆಲ್ ಕಂಪನಿ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಇನ್ನೊಂದು ವೈಜ್ಞಾನಿಕ ಸರಣಿಯ ಆಟಿಕೆ ನೌಕೆಗಳನ್ನು ಮಾರುತ್ತಿತ್ತು. ಗುಂಡಿ ಒತ್ತಿದರೆ ಸಣ್ಣ ಪ್ಲಾಸ್ಟಿಕ್ ಕ್ಷಿಪಣಿ ಹಾರುತ್ತಿತ್ತು. ಅದು ಗಂಟಲಿಗೆ ಸಿಕ್ಕಿ ನಾಲ್ಕು ವರ್ಷದ ಒಂದು ಮಗು ಸತ್ತಿತು. ಅದೇ ಹೊತ್ತಿಗೆ ಕೆನರ್ ಬೋಬಾ ಫೆಟ್ ಎಂಬ ಪಾತ್ರದ ಗೊಂಬೆಯನ್ನು ಅಂಚೆ ಮೂಲಕ ಕೊಡುವುದಾಗಿ ಜಾಹೀರಾತು ಕೊಟ್ಟಿತ್ತು. ಅವನ ಬೆನ್ನಿನ ಮೇಲಿನ ಕ್ಷಿಪಣಿಯೂ ಹಾರುತ್ತದೆ ಎಂಬುದೇ ಆಕರ್ಷಣೆ. ಮಗು ಸತ್ತ ಸುದ್ದಿಯ ನಂತರ ಕೆನರ್ ಹಿಂದೆ ಸರಿಯಿತು. 1979ರಲ್ಲಿ ಮಕ್ಕಳ ಕೈ ಸೇರಿದ ಬೋಬಾ ಫೆಟ್‌ನ ಕ್ಷಿಪಣಿ ಬೆನ್ನಿಗೇ ಅಂಟಿಕೊಂಡಿತ್ತು.

ಹಾರುವ ಕ್ಷಿಪಣಿಯ ಕೆಲವು ಮಾದರಿಗಳು ಮಾತ್ರ ಕಾರ್ಖಾನೆಯವರ ಕಡೆ ಉಳಿದವು. ಅವು ಯಾವತ್ತೂ ಅಂಗಡಿಗೆ ಬರಲಿಲ್ಲ. 2024ರಲ್ಲಿ ಅಂಥ ಒಂದು ಮಾದರಿ ಅಮೆರಿಕದ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ಈ ಅಂಕಿಯ ಮುಂದೆ ನಾನು ತುಂಬಾ ಹೊತ್ತು ಕೂತಿದ್ದೇನೆ. 1978ರಿಂದ 1985ರವರೆಗೆ ಕೆನರ್ ಮಾರಿದ ಸ್ಟಾರ್ ವಾರ್ಸ್ ಗೊಂಬೆಗಳು 30 ಕೋಟಿ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅವುಗಳಲ್ಲಿ ಬಹುಪಾಲು ಆಡಿ, ಕಚ್ಚಿ, ಕಳೆದುಹೋದವು. ಅಷ್ಟು ಮಕ್ಕಳ ಕೈಯಲ್ಲಿ ತಿರುಗಿದ್ದಕ್ಕೆ ಅಷ್ಟು ಬೆಲೆ ಇಲ್ಲ. ಮಗುವಿಗೆ ಕೊಡಬಾರದು ಅಂತ ತೀರ್ಮಾನಿಸಿದ ವಸ್ತುವೇ ಎಲ್ಲಕ್ಕಿಂತ ದುಬಾರಿ. ಸಂಗ್ರಹದ ಲೋಕದಲ್ಲಿ ಬೆಲೆ ಕಟ್ಟುವ ತಕ್ಕಡಿ ಯಾವ ಕಡೆ ವಾಲುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ.

ಹಬ್ಬದ ಕಡೆಯೂ ಇಂಥದೊಂದು ತಿರುವು ಬಂತು. 1982ರಲ್ಲಿ ಬಂದ ‘ಇ.ಟಿ.’ ಸಿನಿಮಾ ಕೆಲವರು ನೋಡಿರಬಹುದು. ಹ್ಯಾಲೊವೀನ್ ದಿನ ಅನ್ಯಗ್ರಹದ ಜೀವಿಗೆ ಬಿಳಿ ಬಟ್ಟೆ ಹೊದೆಸಿ ಬೀದಿಗೆ ಕರೆದುಕೊಂಡು ಹೋಗುತ್ತಾರೆ. ದಾರಿಯಲ್ಲಿ ಯೋಡಾ ವೇಷದ ಮಗುವನ್ನು ಕಂಡು ಅದು ತನ್ನವನೇ ಅಂತ ಹಿಂದೆ ಹೋಗುತ್ತದೆ. ಅದೇ ವರ್ಷದ ಶರತ್ಕಾಲದಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಮಾತ್ರೆಯಲ್ಲಿ ಸಯನೈಡ್ ಬೆರೆಸಿ ಏಳು ಜನ ಸತ್ತರು. ಹಬ್ಬಕ್ಕೆ ಕೆಲವೇ ವಾರ ಇತ್ತು. ಅಪರಿಚಿತರ ಮನೆಯ ಮಿಠಾಯಿ ತಿನ್ನಿಸಲಿಕ್ಕೆ ಅಪ್ಪ ಅಮ್ಮಂದಿರು ಹೆದರಿದರು. ವೇಷದ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಮುಂದಿನ ದಶಕಗಳಲ್ಲಿ ಹ್ಯಾಲೊವೀನ್ ದೊಡ್ಡವರ ಹಬ್ಬವೂ ಆಗಿ ಬೆಳೆಯಿತು. ಸ್ಟಾರ್ ವಾರ್ಸ್ ನೋಡಿ ಬೆಳೆದ ಮಕ್ಕಳೂ ದೊಡ್ಡವರಾಗಿ ಸಂಬಳ ಎಣಿಸುವವರಾದರು. 1991ರಲ್ಲಿ ಹ್ಯಾಸ್ಬ್ರೊ ಕೆನರನ್ನು ಹೊಂದಿದ್ದ ಟೊಂಕಾ ಕಂಪನಿಯನ್ನೇ ಕೊಂಡಿತು. 2012ರಲ್ಲಿ ಡಿಸ್ನಿ 400 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಲ್ಯೂಕಾಸನ ಕಂಪನಿಯನ್ನು ಕೊಂಡಿತು. ಮರುವರ್ಷ ಬ್ಲ್ಯಾಕ್ ಸೀರೀಸ್ ಬಂತು. ಕಪ್ಪು ಪೆಟ್ಟಿಗೆ, ಮೊದಲಿಗಿಂತ ದೊಡ್ಡ ಗೊಂಬೆ, ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುವ ಲೆಕ್ಕಾಚಾರ.

ಶಾರ್ಜಾದಲ್ಲಿ ಕೆಲಸದಲ್ಲಿರುವ ನನ್ನ ದೊಡ್ಡಪ್ಪನ ಮಗ ಇಂಥ ಗೊಂಬೆ ಕೂಡಿಡುತ್ತಾನೆ. ಪೆಟ್ಟಿಗೆ ಒಡೆಯುವುದಿಲ್ಲ. ಒಡೆದರೆ ಬೆಲೆ ಹೋಯಿತು. ಪೆಟ್ಟಿಗೆ ಮೇಲೆ 4 ವರ್ಷ ಮೇಲ್ಪಟ್ಟವರಿಗೆ ಅಂತ ಬರೆದುಂಟು. ಅವನ ಮಗಳಿಗೆ ಐದು. ವಿಡಿಯೋ ಕಾಲಿನಲ್ಲಿ ನನಗೆ ಹ್ಯಾಲೊವೀನ್ ಸೈನಿಕನನ್ನು ತೋರಿಸುವಾಗ ಆ ಮಗು ಹಿಂದೆ ನಿಂತು, “ಅತ್ತೆ, ಅದು ಅಪ್ಪಂದು, ಮುಟ್ಲಿಕ್ಕಿಲ್ಲ” ಅಂತು. ಅಣ್ಣನನ್ನು ದೂರಲಿಕ್ಕೆ ಇದನ್ನು ಹೇಳುತ್ತಿಲ್ಲ. ಅವನಿಗೆ ಸಣ್ಣವನಿರುವಾಗ ಇಂಥದು ಸಿಗಲಿಲ್ಲ, ಈಗ ಸಿಕ್ಕಿತು. ಆ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಅರವತ್ತು ವರ್ಷದ ಈ ಚರಿತ್ರೆ ಎಲ್ಲಿ ಬಂದು ನಿಂತಿತು ಎಂಬುದು ಆ ಒಂದು ಮಾತಿನಲ್ಲಿ ಉಂಟು.

ಕಡತದ ಹೆಸರು

ಕೊನೆಯದಾಗಿ ಒಂದು ಮೊಕದ್ದಮೆ. ಅಮೆರಿಕದ ಸುಂಕದ ಪಟ್ಟಿಯಲ್ಲಿ ಒಂದು ಕಾಲಕ್ಕೆ ‘ಡಾಲ್’ಗೆ ಶೇ. 12, ಬೇರೆ ಆಟಿಕೆಗೆ ಶೇ. 6.8 ಸುಂಕ ಇತ್ತು. ಮನುಷ್ಯನನ್ನು ತೋರಿಸಿದರೆ ಡಾಲ್, ಮನುಷ್ಯನಲ್ಲದ್ದನ್ನು ತೋರಿಸಿದರೆ ಆಟಿಕೆ. ಟಾಯ್ ಬಿಜ್ ಎಂಬ ಕಂಪನಿ ‘ಎಕ್ಸ್-ಮೆನ್’ ಪಾತ್ರಗಳ ಗೊಂಬೆಗಳನ್ನು ಹೊರಗಿನಿಂದ ತರಿಸುತ್ತಿತ್ತು. ಇವರು ಮನುಷ್ಯರಲ್ಲ, ಹಾಗಾಗಿ ಸುಂಕ ಕಡಿಮೆ ಹಾಕಿ ಅಂತ ವಾದಿಸಿತು. 2003ರ ಜನವರಿಯಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಕಂಪನಿಯ ಮಾತನ್ನು ಒಪ್ಪಿತು. ತಾವೂ ಮನುಷ್ಯರೇ ಅಂತ ಕಥೆಯುದ್ದಕ್ಕೂ ಹೋರಾಡುವ ಪಾತ್ರಗಳು ಕೋರ್ಟಿನಲ್ಲಿ ಮನುಷ್ಯರಲ್ಲ ಅಂತ ತೀರ್ಮಾನವಾದವು. 1964ರಲ್ಲಿ ಹುಡುಗರಿಗೆ ಮಾರಲಿಕ್ಕೆ ಡಾಲ್ ಎಂಬ ಹೆಸರು ಬೇಡವಾಯಿತು, 2003ರಲ್ಲಿ ಸುಂಕ ಉಳಿಸಲಿಕ್ಕೆ.

ಕಡತದಲ್ಲಿ ಬರೆದ ಹೆಸರು ಬೇರೆ, ಮನೆಯಲ್ಲಿ ಕರೆಯುವ ಹೆಸರು ಬೇರೆ ಎಂಬುದು ಗಡಿನಾಡಿನ ನಮಗೆ ಹೊಸತಲ್ಲ. 1956ರ ನವೆಂಬರ್ 1ರ ನಂತರ ನಮ್ಮ ಕಾಸರಗೋಡು ಯಾವ ರಾಜ್ಯದ ಕಡತಕ್ಕೆ ಸೇರಿತು, ಮನೆಯೊಳಗೆ ಯಾವ ಭಾಷೆ ಉಳಿಯಿತು ಅಂತ ನಿಮಗೆ ವಿವರಿಸಬೇಕಾಗಿಲ್ಲ. ಜನರ ಬದುಕನ್ನೂ ಗೊಂಬೆಯನ್ನೂ ಒಂದೇ ತೂಕಕ್ಕೆ ಹಾಕುವುದು ನನ್ನ ಉದ್ದೇಶ ಅಲ್ಲ. ಹೆಸರು ಇಡುವ ಅಧಿಕಾರ ಯಾರ ಕೈಯಲ್ಲಿದೆ ಅಂತ ಕೇಳುವ ಅಭ್ಯಾಸ ನಮಗೆ ಉಂಟು, ಆ ಅಭ್ಯಾಸ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ ಅಂತ ಮಾತ್ರ ಹೇಳುತ್ತಿದ್ದೇನೆ.

ಹಾಗಾಗಿ ಮೊದಲಿನ ಎರಡು ಪ್ರಶ್ನೆಗೆ ಉತ್ತರ. ಈ ಬಣ್ಣ ಬಂದದ್ದು ಹಳೆ ಅಚ್ಚಿನಿಂದ ಹೊಸ ಬೆಲೆ ತೆಗೆಯಲಿಕ್ಕೆ. ಬಂದದ್ದು ಹಿಂದೆ ಮಗುವಾಗಿದ್ದವರಿಗಾಗಿ, ಇವತ್ತಿನ ಮಗುವಿಗಾಗಿ ಅಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಎಷ್ಟು ಭಯಂಕರ ಇದ್ದರೂ ಬೆಳಗ್ಗೆ ಚೌಕಿಯಲ್ಲಿ ಕಲಾವಿದ ಬಣ್ಣ ತೆಗೆದು ಮನೆಗೆ ಹೋಗುತ್ತಾನೆ. ಹ್ಯಾಲೊವೀನಿನ ಮಗುವೂ ರಾತ್ರಿ ಮುಖವಾಡ ಕಳಚಿ ಮಿಠಾಯಿ ಎಣಿಸುತ್ತದೆ. ಈ ಸೈನಿಕನಿಗೆ ಮಾತ್ರ ಕಳಚುವ ಹೊತ್ತು ಇಲ್ಲ. ನವೆಂಬರಿನಲ್ಲಿಯೂ ಮೇ ತಿಂಗಳಿನಲ್ಲಿಯೂ ಅವನಿಗೆ ಅಕ್ಟೋಬರ್ 31.

ಮಾತು ಮುಗಿಯುವ ಮೊದಲೇ ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಆ್ಯಕ್ಷನ್ ಫಿಗರಿಗೆ ಕನ್ನಡದಲ್ಲಿ ಏನು ಹೇಳಬೇಕು, ‘ಕ್ರಿಯಾಪ್ರತಿಮೆ’ ಆಗಬಹುದಾ ಅಂತ. ಬೇಡ ಅಂತ ನನ್ನ ಅಭಿಪ್ರಾಯ. ಬಾರ್ಬಿಯೂ ಗೊಂಬೆ, ಜಿ.ಐ. ಜೋ ಕೂಡ ಗೊಂಬೆ, ಬೊಂಬೆಯಾಟದ ರಾವಣನೂ ಗೊಂಬೆ. ಗಂಡು ಹೆಣ್ಣು, ಮನುಷ್ಯ ರಾಕ್ಷಸ ಅಂತ ನಮ್ಮ ಮಾತು ಬೇರೆ ಮಾಡಲಿಲ್ಲ, ಸುಂಕವನ್ನೂ ಕೇಳಲಿಲ್ಲ. ಅದನ್ನು ಗೊಂಬೆ ಅಂತಲೇ ಕರೆಯೋಣ. ಹಾಗೆ ಕರೆದರೆ ಅದು ಆಡಲಿಕ್ಕೆ ಇರುವುದು ಎಂಬ ನೆನಪಾದರೂ ಉಳಿಯುತ್ತದೆ.